ಭಯ ಬಿಡಿಸಿದ ಪುಸ್ತಕ, ಎಚ್ಚರ ಕಲಿಸಿದ ಬಾಟಲಿ

ಚಾರ್ಲಿ ಪಪಾಜಿಯನ್ ಅವರ ‘ದ ಕಂಪ್ಲೀಟ್ ಜಾಯ್ ಆಫ್ ಹೋಮ್ ಬ್ರೂಯಿಂಗ್’ ಮೊದಲು ಅಚ್ಚಾದದ್ದು 1984ರಲ್ಲಿ. ನಾಲ್ಕನೆಯ ಆವೃತ್ತಿ ಬಂದದ್ದು 2014ರಲ್ಲಿ. ಮನೆಯಲ್ಲಿ ಬಿಯರ್ ಮಾಡುವ ಬಗೆ ಹೇಳುವ ಕೈಪಿಡಿಯೊಂದು ಮೂವತ್ತು ವರ್ಷ ಬಾಳುವುದು ಸಾಮಾನ್ಯವಲ್ಲ. ಅಮೆರಿಕದ ಹವ್ಯಾಸಿಗಳು ಇದನ್ನು ಅಡುಗೆಕಟ್ಟೆಯ ಮೇಲೆ ತೆರೆದಿಟ್ಟುಕೊಂಡೇ ಕೈ ಪಳಗಿಸಿಕೊಂಡರು. ಹಳೆಯ ಪ್ರತಿಗಳ ಹಾಳೆಗಳು ಮಾಲ್ಟಿನ ಅಂಟಿಗೆ ಒಂದಕ್ಕೊಂದು ಹತ್ತಿಕೊಂಡಿರುತ್ತವೆ. ಈ ಪುಸ್ತಕದ ಮೇಲೆ ನನಗೆ ಗಾಢ ಪ್ರೀತಿಯಿದೆ, ಒಂದು ಗಟ್ಟಿ ತಕರಾರೂ ಇದೆ. ಎರಡಕ್ಕೂ ಕಾರಣ ಒಂದೇ: ಅದು ಓದುಗನಿಗೆ ಮತ್ತೆ ಮತ್ತೆ ಹೆದರಬೇಡ ಎನ್ನುತ್ತದೆ.

ಆ ಮಾತು ಆಗ ಎಷ್ಟು ಬೇಕಾಗಿತ್ತು ಎಂಬುದನ್ನು ಮೊದಲು ಹೇಳಬೇಕು. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧವಿತ್ತು. ಆ ಕಾಲದಲ್ಲಿ ದಿನಸಿ ಅಂಗಡಿಗಳಲ್ಲಿ ಮಾಲ್ಟಿನ ಪಾಕದ ಡಬ್ಬಿ ಸಿಗುತ್ತಿತ್ತು. ಜನ ಅದಕ್ಕೆ ಸಕ್ಕರೆ ಸುರಿದು, ಬ್ರೆಡ್ಡಿನ ಯೀಸ್ಟ್ ಬೆರೆಸಿ ನೆಲಮಾಳಿಗೆಯಲ್ಲಿ ಬಚ್ಚಿಡುತ್ತಿದ್ದರು. ನಿಷೇಧ ಹೋದ ಮೇಲೆ ಮನೆಯಲ್ಲಿ ವೈನ್ ಮಾಡಿಕೊಳ್ಳಲು ಅವಕಾಶವಾಯಿತು, ಬಿಯರಿಗೆ ಆಗಲಿಲ್ಲ. ಕ್ಯಾಲಿಫೋರ್ನಿಯಾದ ಸೆನೆಟರ್ ಅಲನ್ ಕ್ರ್ಯಾನ್‌ಸ್ಟನ್ ತಂದ ತಿದ್ದುಪಡಿಯಿದ್ದ ಮಸೂದೆಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರ್ 14ರಂದು ಸಹಿ ಹಾಕಿದ ಮೇಲೆಯೇ ಆ ಬಾಗಿಲು ತೆರೆದದ್ದು. ಒಬ್ಬ ವಯಸ್ಕನಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಅಂದರೆ ಸುಮಾರು 378 ಲೀಟರ್; ಇಬ್ಬರು ಅಥವಾ ಹೆಚ್ಚು ವಯಸ್ಕರಿದ್ದರೆ ಅದರ ಎರಡರಷ್ಟು. ಮಾರುವಂತಿಲ್ಲ. ರಾಜ್ಯಗಳು ಒಂದೊಂದಾಗಿ ಒಪ್ಪುತ್ತಾ ಬಂದು, ಕೊನೆಗೆ ಮಿಸಿಸಿಪ್ಪಿ ಮತ್ತು ಅಲಬಾಮಾ ಒಪ್ಪಿದ್ದು 2013ರಲ್ಲಿ. ಬ್ರಿಟನ್ನಿನಲ್ಲಿ ಮನೆಯ ಬಿಯರಿಗೆ ಪರವಾನಗಿಯ ಕಟ್ಟು ಸಡಿಲವಾದದ್ದು 1963ರಲ್ಲೇ.

ಪಪಾಜಿಯನ್ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಓದಿದ್ದು ಪರಮಾಣು ಎಂಜಿನಿಯರಿಂಗ್. ಆಮೇಲೆ ಕೊಲರಾಡೊದ ಬೌಲ್ಡರ್ ಪಟ್ಟಣದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾ, ಆಸಕ್ತರಿಗೆ ಬಿಯರ್ ಮಾಡುವುದನ್ನು ಕಲಿಸುತ್ತಾ ಇದ್ದರು. 1978ರಲ್ಲಿ ಚಾರ್ಲಿ ಮ್ಯಾಟ್‌ಜೆನ್ ಜೊತೆ ಅಮೆರಿಕನ್ ಹೋಮ್‌ಬ್ರೂಯರ್ಸ್ ಅಸೋಸಿಯೇಷನ್ ಕಟ್ಟಿ ‘ಜೈಮರ್ಜಿ’ ಪತ್ರಿಕೆ ಶುರುಮಾಡಿದರು. ಪುಸ್ತಕದಲ್ಲಿ ಮಾತನಾಡುವುದು ಎಂಜಿನಿಯರಲ್ಲ, ಆ ಮೇಷ್ಟ್ರು. ಪಾತ್ರೆ ಉಕ್ಕಿತೆ, ಬಣ್ಣ ಕಪ್ಪಾಯಿತೆ, ನೊರೆ ಬರಲಿಲ್ಲವೆ? ಗಾಬರಿಯಾಗಬೇಡ, ಆರಾಮಾಗಿರು ಎಂಬ ಧಾಟಿ ಪುಟಪುಟದಲ್ಲೂ ಇದೆ. ಅವರು ಪಾಕಗಳಿಗೆ ಇಟ್ಟ ಹೆಸರುಗಳಲ್ಲಿ ಕಪ್ಪೆಯ ಉಗುಳೂ ಬರುತ್ತದೆ. ಹವ್ಯಾಸವನ್ನು ತಜ್ಞರ ಕೈಯಿಂದ ಬಿಡಿಸಿ ಮಾಮೂಲಿ ಮನುಷ್ಯರ ಕೈಗಿಡಲು ಅಂಥ ಸಲಿಗೆ ಬೇಕಿತ್ತು. ಅವರು ಬಳಸುತ್ತಿದ್ದ ಮರದ ಸೌಟು ಇಂದು ವಾಷಿಂಗ್ಟನ್ನಿನ ಅಮೆರಿಕನ್ ಇತಿಹಾಸದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಅದು ಆ ಸೌಟಿಗೆ ಸಲ್ಲಬೇಕಾದ ಗೌರವವೇ.

ಈ ಕೆಲಸದ ಸುಖ ಎಲ್ಲಿದೆ? ಅಗ್ಗವಾಗುತ್ತದೆ ಎನ್ನುವವರಿದ್ದಾರೆ. ಪಾತ್ರೆ, ಕೊಳವೆ, ಥರ್ಮಾಮೀಟರ್ ಕೊಂಡ ಲೆಕ್ಕ ಸೇರಿಸಿದರೆ ಆ ವಾದ ನಿಲ್ಲುವುದಿಲ್ಲ. ಸುಖವಿರುವುದು ಧಾನ್ಯದೊಳಗೆ ನಡೆಯುವ ಕೆಲಸವನ್ನು ಕಣ್ಣಾರೆ, ನಾಲಿಗೆಯಾರೆ ಕಾಣುವುದರಲ್ಲಿ. ಕನ್ನಡ ಓದುಗರಿಗೆ ಇದರ ಮೊದಲ ಅರ್ಧ ಗೊತ್ತೇ ಇದೆ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ, ಬೀಸಿ ಕೂಸಿಗೆ ಗಂಜಿ ಕಾಯಿಸುತ್ತೇವೆ. ಮೊಳಕೆಯ ರಾಗಿಯ ಗಂಜಿ ಬರಿಯ ರಾಗಿಯ ಗಂಜಿಗಿಂತ ತೆಳ್ಳಗಿರುತ್ತದೆ, ಸ್ವಲ್ಪ ಸಿಹಿಯೂ ಇರುತ್ತದೆ. ಮೊಳೆಯುವಾಗ ಕಾಳಿನಲ್ಲಿ ಹುಟ್ಟಿದ ಅಮೈಲೇಸ್ ಕಿಣ್ವ ಪಿಷ್ಟದ ಉದ್ದ ಸರಪಳಿಯನ್ನು ಕತ್ತರಿಸಿ ಹಾಕಿರುತ್ತದೆ. ಬಾರ್ಲಿಯ ಮಾಲ್ಟಿನಲ್ಲಿ ಆಗುವುದೂ ಇದೇ. ಆಫ್ರಿಕಾದ ಹಲವೆಡೆ ರಾಗಿಯಿಂದಲೇ ಬಿಯರ್ ಮಾಡುತ್ತಾರೆ.

ಜಜ್ಜಿದ ಬಾರ್ಲಿ ಮಾಲ್ಟನ್ನು ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿಡುವ ಹೊತ್ತು ನನಗೆ ಇಡೀ ಕೆಲಸದ ಅತ್ಯಂತ ಚೆಲುವಾದ ಹೊತ್ತು. ನೀರು 63 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಬೀಟಾ ಅಮೈಲೇಸ್ ಚುರುಕಾಗಿ, ಯೀಸ್ಟ್ ತಿನ್ನಬಲ್ಲ ಸಕ್ಕರೆ ಹೆಚ್ಚು ಬಿಡುತ್ತದೆ. ಬಿಯರ್ ತೆಳುವಾಗಿ, ಒಣಗಿದಂತಿರುತ್ತದೆ. 70 ಡಿಗ್ರಿಯತ್ತ ಏರಿದರೆ ಆಲ್ಫಾ ಅಮೈಲೇಸಿನ ಕೈ ಮೇಲಾಗಿ, ಯೀಸ್ಟಿಗೆ ಜೀರ್ಣವಾಗದ ತುಣುಕುಗಳು ಉಳಿಯುತ್ತವೆ. ಬಿಯರಿಗೆ ಮೈ ಬರುತ್ತದೆ. ಏಳೇ ಡಿಗ್ರಿಗಳಲ್ಲಿ ಎರಡು ಬೇರೆ ಪಾನೀಯಗಳು! ಮೊದಲು ಹಿಟ್ಟುಹಿಟ್ಟಾಗಿದ್ದ ನೀರನ್ನು ಅರ್ಧ ಗಂಟೆ ಬಿಟ್ಟು ಚಮಚದಲ್ಲಿ ತೆಗೆದು ನೆಕ್ಕಿದರೆ ಜೇನಿನ ಹತ್ತಿರದ ಸಿಹಿ. ಯಾರೂ ಸಕ್ಕರೆ ಹಾಕಿಲ್ಲ. ಡಬ್ಬಿಯ ಮಾಲ್ಟ್ ಪಾಕವನ್ನಷ್ಟೇ ಬಳಸುವವರಿಗೆ ಈ ಕ್ಷಣ ಸಿಗುವುದಿಲ್ಲ. ಪಪಾಜಿಯನ್ ಡಬ್ಬಿಯಿಂದ ಆರಂಭಿಸಿ, ಧಾನ್ಯದಿಂದಲೇ ಮಾಡುವುದನ್ನು ಮುಂದುವರಿದವರ ಭಾಗಕ್ಕೆ ತಳ್ಳುತ್ತಾರೆ. ಹೊಸಬರನ್ನು ಹೆದರಿಸದಿರಲು ಹಾಗೆ ಮಾಡಿದ್ದಾರೆ ಎಂದು ಬಲ್ಲೆ. ಆದರೂ ಹಬ್ಬದೂಟವನ್ನು ಕೊನೆಯ ಪಂಕ್ತಿಗೆ ಉಳಿಸಿದಂತಾಗಿದೆ.

ಬಿಯರಿಗೆ ಕಹಿ, ಪರಿಮಳ ಕೊಡುವ ಹಾಪ್ಸ್ ಹೂವಿನ ಬಗ್ಗೆ ಹೆಚ್ಚು ಬೆಳೆಸುವುದಿಲ್ಲ. ಒಂದು ಗಂಟೆ ಕುದಿಸಿದರೆ ಕಹಿ ಬಿಡುತ್ತದೆ, ಪರಿಮಳ ಹಾರಿಹೋಗುತ್ತದೆ. ಕೊನೆಯಲ್ಲಿ ಹಾಕಿದರೆ ಪರಿಮಳ ಉಳಿದು ಕಹಿ ಕಡಿಮೆ. ಪಪಾಜಿಯನ್ ಬಳಸಿದ ಕಹಿಯ ಅಳತೆ ಹಾಪ್ಸಿನ ಆಲ್ಫಾ ಆಮ್ಲದ ಶೇಕಡಾವಾರನ್ನು ಔನ್ಸಿನ ತೂಕದಿಂದ ಗುಣಿಸುತ್ತದೆ, ಕುದಿಸಿದ ಸಮಯವನ್ನು ಲೆಕ್ಕಕ್ಕೆ ತರುವುದಿಲ್ಲ. ಸುಲಭ, ಆದರೆ ಒರಟು.

ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆ. ಒರಟು ಅಳತೆ ಹಾಪ್ಸಿನಲ್ಲಿ ನಡೆದೀತು, ಬಾಟಲಿಯಲ್ಲಿ ನಡೆಯದು. ಹುದುಗು ಮುಗಿದ ಬಿಯರಿಗೆ ಸ್ವಲ್ಪ ಸಕ್ಕರೆ ಬೆರೆಸಿ ಬಾಟಲಿಗೆ ತುಂಬಿ ಮುಚ್ಚಳ ಬಿಗಿದರೆ, ಉಳಿದ ಯೀಸ್ಟ್ ಅದನ್ನು ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ನೊರೆ ಹುಟ್ಟುವುದು ಹೀಗೆ. ಪಪಾಜಿಯನ್ನರ ಪಾಕಗಳಲ್ಲಿ 5 ಗ್ಯಾಲನ್ ಬಿಯರಿಗೆ ಮುಕ್ಕಾಲು ಕಪ್ ಜೋಳದ ಸಕ್ಕರೆ ಎಂದಿರುತ್ತದೆ. ಕಪ್ಪನ್ನು ಕುಟ್ಟಿ ತುಂಬಿದರೆ ಒಂದು ತೂಕ, ಸಡಿಲವಾಗಿ ತುಂಬಿದರೆ ಇನ್ನೊಂದು. ಲೀಟರಿಗೆ ಸುಮಾರು 4 ಗ್ರಾಂ ಸಕ್ಕರೆ, ಬಿಯರಿನ ಗಾತ್ರಕ್ಕೆ ಸಮನಾದ ಅನಿಲವನ್ನು ಹುಟ್ಟಿಸುತ್ತದೆ. ಸಾಧಾರಣ ಬಿಯರಿನಲ್ಲಿ ಇರಬೇಕಾದದ್ದು ಅಂಥ ಎರಡೂವರೆ ಪಟ್ಟು ಅನಿಲ.

ಇದಕ್ಕಿಂತ ದೊಡ್ಡ ಅಪಾಯ ಹುದುಗು ಮುಗಿಯುವ ಮೊದಲೇ ತುಂಬಿಸುವುದು. ಯೀಸ್ಟ್ ಸಕ್ಕರೆ ತಿಂದಂತೆ ಇಳಿಯುವ ಸಾಂದ್ರತೆಯನ್ನು ಅಳೆಯುವ ಹೈಡ್ರೊಮೀಟರಿನಲ್ಲಿ 1.010ಕ್ಕೆ ಇಳಿಯಬೇಕಿದ್ದ ಬಿಯರನ್ನು 1.018ರಲ್ಲಿ ಇರುವಾಗಲೇ ಬಾಟಲಿಗೆ ಹಾಕಿದರೆ, ಉಳಿದ ಆ ಎಂಟು ಅಂಕಗಳು ಹೊರಗಿನಿಂದ ಹಾಕಿದ ಸಕ್ಕರೆಯ ಜೊತೆಗೆ ಇನ್ನೂ ನಾಲ್ಕು ಪಟ್ಟು ಅನಿಲವನ್ನು ಸೇರಿಸುತ್ತವೆ. ಮಾಮೂಲಿ ಬಿಯರ್ ಬಾಟಲಿ ಅಷ್ಟನ್ನು ತಡೆಯದು. ಟೆಕ್ಸಾಸಿನಲ್ಲಿರುವ ಗೆಳೆಯರೊಬ್ಬರ ಗ್ಯಾರೇಜಿನಲ್ಲಿ ಬೇಸಗೆಯ ರಾತ್ರಿ ಒಂದು ಬಾಟಲಿ ಸಿಡಿದು, ಅದರ ಹೊಡೆತಕ್ಕೆ ಪಕ್ಕದ್ದು, ಆಮೇಲೆ ಅದರ ಪಕ್ಕದ್ದು ಸಿಡಿದವು. ಬೆಳಿಗ್ಗೆ ನೋಡಿದರೆ ಗಾಜಿನ ಚೂರು ಗೋಡೆಯಲ್ಲಿ ನೆಟ್ಟಿತ್ತು. ಮಗುವಿನ ಸೈಕಲ್ ನಿಲ್ಲಿಸುವ ಜಾಗ ಅದು. ಇಂಥ ಕಡೆ ಆರಾಮಾಗಿರು ಎನ್ನುವ ಉಪದೇಶ ಸಲ್ಲದು. ಹವ್ಯಾಸಿಗಳು ತುಂಬಾ ಕಾಲ ನೆಚ್ಚಿಕೊಂಡಿದ್ದ ದೊಡ್ಡ ಗಾಜಿನ ಬುರುಡೆಯ ಕಥೆಯೂ ಹೀಗೇ. 19 ಲೀಟರ್ ತುಂಬಿದ ಗಾಜನ್ನು ಒದ್ದೆ ಕೈಯಲ್ಲಿ ಎತ್ತಿ ಅಂಗೈಯ ನರ ಕತ್ತರಿಸಿಕೊಂಡವರಿದ್ದಾರೆ. ಈಗ ಪ್ಲಾಸ್ಟಿಕ್ ಮತ್ತು ಸ್ಟೀಲ್ ಪಾತ್ರೆ ಬಂದಿರುವುದು ಒಳ್ಳೆಯದೇ ಆಯಿತು. ಆದರೆ ಒಂದು ವಿಷಯದಲ್ಲಿ ಪಪಾಜಿಯನ್ನರಿಗೆ ಪೂರ್ಣ ಅಂಕ ಕೊಡಬೇಕು: ಮೊದಲ ದಿನಗಳ ನೊರೆ ಉಕ್ಕಿ ಹೊರಹೋಗಲು ದಪ್ಪ ಕೊಳವೆ ಹಾಕಿ ಎಂದು ಅವರು ಒತ್ತಿ ಹೇಳುತ್ತಾರೆ. ಸಣ್ಣ ಬಿರಡೆಯ ಕಂಡಿ ಹಾಪ್ಸಿನ ಚರಟದಿಂದ ಕಟ್ಟಿಕೊಂಡರೆ ಮುಚ್ಚಳ ಹಾರಿ ಚಾವಣಿಗೆ ಕಂದು ಬಣ್ಣ ಬಳಿಯುತ್ತದೆ.

ಸಿಡಿಯುವ ಬಾಟಲಿ ಎಲ್ಲರಿಗೂ ಕೇಳಿಸುತ್ತದೆ. ಸದ್ದಿಲ್ಲದೆ ಕೆಡುವ ಬಿಯರ್ ಹೆಚ್ಚು. ಏಲ್ ಜಾತಿಯ ಯೀಸ್ಟಿಗೆ ಸಾಮಾನ್ಯವಾಗಿ 18ರಿಂದ 20 ಡಿಗ್ರಿ ಹಿತ. ಹುದುಗುವಾಗ ಯೀಸ್ಟ್ ತಾನೇ ಶಾಖ ಹುಟ್ಟಿಸುವುದರಿಂದ ಪಾತ್ರೆಯ ಒಳಗು ಕೋಣೆಗಿಂತ ಕೆಲವು ಡಿಗ್ರಿ ಬಿಸಿಯಾಗಿರುತ್ತದೆ. ಅತಿಯಾದರೆ ತಲೆಗೆ ಹೊಡೆಯುವ, ಥಿನ್ನರಿನಂಥ ಘಾಟು. ಬೇಗ ತೆಗೆದರೆ ಅಸಿಟಾಲ್ಡಿಹೈಡಿನ ಹಸಿ ಸೇಬಿನ ವಾಸನೆ. ಯೀಸ್ಟ್ ತಾನು ಬಿಟ್ಟ ಡೈಅಸಿಟೈಲನ್ನು ಮತ್ತೆ ಹೀರಿಕೊಳ್ಳಲು ಸಮಯ ಕೊಡದಿದ್ದರೆ ಬೆಣ್ಣೆಯ ವಾಸನೆ. ಹಸಿರು ಬಾಟಲಿಗೆ ಬಿಸಿಲು ತಾಗಿದರೆ ಹಾಪ್ಸಿನ ಕಹಿಯೇ ಒಡೆದು ಗಂಧಕದ ದುರ್ವಾಸನೆಯಾಗುತ್ತದೆ. ಕಂದು ಬಾಟಲಿ ಬಳಸುವುದು ಇದಕ್ಕೇ. ಕೊಳವೆಯ ಒಳಮೈಯಲ್ಲಿ ಲ್ಯಾಕ್ಟೋಬ್ಯಾಸಿಲಸ್ ಉಳಿದಿದ್ದರೆ ಹುಳಿ.

ಬಿಯರ್ ಏಕೆ ಕೆಡುತ್ತದೆ ಎಂಬ ಪ್ರಶ್ನೆಯನ್ನು ವಿಜ್ಞಾನವಾಗಿ ಹಿಡಿದವನು ಲೂಯಿ ಪಾಶ್ಚರ್. 1876ರ ಅವನ ಬಿಯರ್ ಅಧ್ಯಯನದ ಕೇಂದ್ರದಲ್ಲಿದ್ದುದೇ ಅದರ ರೋಗಗಳು. ಏಳು ವರ್ಷಗಳ ಬಳಿಕ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಶುದ್ಧ ಯೀಸ್ಟ್ ತಳಿಯನ್ನು ಬೇರ್ಪಡಿಸಿ ಬೆಳೆಸಿದ. ಮನೆಯ ಬಿಯರ್ ಮಾಡುವವರಲ್ಲಿ ನಾನು ಅತಿ ಹೆಚ್ಚು ಮೆಚ್ಚುವುದು, ಅವರು ಈ ಪರಂಪರೆಯನ್ನು ಅಡುಗೆಮನೆಗೆ ತಂದದ್ದು. 1985ರಲ್ಲಿ ಆರಂಭವಾದ ಬಿಯರ್ ತೀರ್ಪುಗಾರರ ಪ್ರಮಾಣೀಕರಣ ಕಾರ್ಯಕ್ರಮ, ಬಿಜೆಸಿಪಿ, ಇದರ ಫಲ. ಅದರ ಅಂಕಪಟ್ಟಿಯಲ್ಲಿ ಒಟ್ಟು 50: ರುಚಿಗೆ 20, ವಾಸನೆಗೆ 12, ಒಟ್ಟು ಪರಿಣಾಮಕ್ಕೆ 10, ಬಾಯಲ್ಲಿನ ಮೈಗೆ 5, ನೋಟಕ್ಕೆ ಕೇವಲ 3. ಸ್ಪರ್ಧೆಯಲ್ಲಿ ಸೋತವನಿಗೂ ತೀರ್ಪುಗಾರ ಬರೆದ ಹಾಳೆ ಸಿಗುತ್ತದೆ: ಬೆಣ್ಣೆಯ ವಾಸನೆಯಿದೆ, ಇನ್ನೆರಡು ದಿನ ಬೆಚ್ಚಗಿಡಬೇಕಿತ್ತು ಎಂಬಷ್ಟು ನಿರ್ದಿಷ್ಟವಾಗಿ. ತಪ್ಪಿಗೆ ಹೆಸರು, ಕಾರಣ, ಪರಿಹಾರ ಮೂರನ್ನೂ ಅಪರಿಚಿತನಿಗೆ ಬರೆದುಕೊಡುವ ಈ ಸಜ್ಜನಿಕೆ ನಮ್ಮ ಸಾಹಿತ್ಯ ವಿಮರ್ಶೆಯಲ್ಲೂ ಇದ್ದಿದ್ದರೆ ಎಂದು ಎಷ್ಟೋ ಸಲ ಅನಿಸಿದೆ.

ಲೋಹಶಾಸ್ತ್ರಜ್ಞ ಜಾನ್ ಪಾಮರ್ ಅವರ ‘ಹೌ ಟು ಬ್ರೂ’ ಬಂದದ್ದು ಈ ಎಚ್ಚರ ಬಲಿತ ಮೇಲೆ. ಪಾಮರ್ ಕೊಡುವ ಆದ್ಯತೆಗಳ ಸಾಲಿನಲ್ಲಿ ಶುಚಿತ್ವ ಮೊದಲು, ಹುದುಗುವ ಉಷ್ಣತೆ ಎರಡನೆಯದು, ಪಾಕಸೂತ್ರಕ್ಕೆ ಕೊನೆಯ ಸ್ಥಾನ. ಪಪಾಜಿಯನ್ನರ ಪುಸ್ತಕದ ಆಕರ್ಷಣೆಯೆಲ್ಲ ಪಾಕಸೂತ್ರಗಳಲ್ಲಿದೆ. ಪಾಮರ್ ಹೇಳುವುದೇ ಸರಿ. ಪಾತ್ರೆ ತೊಳೆದಷ್ಟೂ, ಉಷ್ಣತೆ ಕಾದಷ್ಟೂ ಬಿಯರ್ ಚೆನ್ನಾಗುತ್ತದೆ. ಪಾಕ ಬದಲಿಸಿದಷ್ಟೂ ಅಲ್ಲ. ಆದರೆ ಪಾಮರ್ ಓದಿ ಯಾರೂ ಈ ಹವ್ಯಾಸಕ್ಕೆ ಮನಸೋಲಲಾರರು. ಮನಸೋಲಿಸುವ ಕೆಲಸ ಪಪಾಜಿಯನ್ ಮಾಡಿಟ್ಟಿದ್ದಾರೆ. 1970ರ ದಶಕದ ಕೊನೆಗೆ ಅಮೆರಿಕದಲ್ಲಿ ನೂರಕ್ಕೂ ಕಡಿಮೆ ಬ್ರೂವರಿಗಳಿದ್ದವು, ಇಂದು ಒಂಬತ್ತು ಸಾವಿರಕ್ಕೂ ಹೆಚ್ಚಿವೆ. ಅವುಗಳಲ್ಲಿ ಎಷ್ಟೋ ಹವ್ಯಾಸಿಗಳೇ ಕಟ್ಟಿದವು. ಕ್ಯಾಲಿಫೋರ್ನಿಯಾದ ಚಿಕೋದಲ್ಲಿ ಸಿಯೆರಾ ನೆವಾಡ ಬ್ರೂವರಿ ಕಟ್ಟುವ ಮೊದಲು ಕೆನ್ ಗ್ರಾಸ್‌ಮನ್ ಅದೇ ಊರಿನಲ್ಲಿ ಮನೆಬಿಯರಿನ ಸಾಮಾನು ಮಾರುವ ಅಂಗಡಿ ಇಟ್ಟಿದ್ದರು.

ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವಂತಿಲ್ಲ, ಬಿಯರ್ ಕೂಡ ಇದಕ್ಕೆ ಹೊರತಲ್ಲ. ಬೆಂಗಳೂರಿನ ಮೈಕ್ರೊಬ್ರೂವರಿಗಳು ಪರವಾನಗಿ ಪಡೆದೇ ನಡೆಯುತ್ತವೆ. ಹಾಗಾಗಿ ಈ ಮಾತು ಅಮೆರಿಕ, ಬ್ರಿಟನ್‌ನಂಥ ಕಾನೂನು ಒಪ್ಪುವ ನಾಡುಗಳಲ್ಲಿರುವ ಕನ್ನಡಿಗರಿಗೆ. ಪಪಾಜಿಯನ್ನರನ್ನು ಮೊದಲು ಓದಿ, ಪಾಮರ್ ಅವರನ್ನು ಕೆಲಸದ ದಿನ ಪಕ್ಕದಲ್ಲಿಟ್ಟುಕೊಳ್ಳಿ. ಕೊಳವೆ ಹಳತಾದರೆ ಬಿಸಾಡಿ. ಹೈಡ್ರೊಮೀಟರ್ ಮೂರು ದಿನ ಒಂದೇ ಅಂಕ ತೋರಿಸುವವರೆಗೆ ಬಾಟಲಿ ಮುಟ್ಟಬೇಡಿ. ಸಕ್ಕರೆಯನ್ನು ಕಪ್ಪಿನಲ್ಲಿ ಅಳೆಯಬೇಡಿ, ತಕ್ಕಡಿಯಲ್ಲಿ ತೂಗಿ.