ಅಲೆಕೊಳಕ್ಕೆ ಸಲ್ಲಬೇಕಾದ ಕೀರ್ತಿ

ಚೆನ್ನೈ ಹೊರವಲಯದಲ್ಲಿ 2025ರ ಡಿಸೆಂಬರ್‌ನಲ್ಲಿ ವಂಡರ್‌ಲಾ ತನ್ನ ಐದನೆಯ ಪಾರ್ಕನ್ನು ತೆರೆದಾಗ ಸುದ್ದಿಯಾದದ್ದು ಪಾರ್ಕಲ್ಲ, ಅದರೊಳಗಿನ ‘ತಂಜೋರಾ’ ಎಂಬ ರೋಲರ್ ಕೋಸ್ಟರ್. ಹಳಿಯ ಕೆಳಗೆ ಕಾಲು ಜೋತುಬಿಟ್ಟು ಓಡುವ, ಸ್ವಿಸ್ ಕಂಪನಿಯೊಂದು ಕಟ್ಟಿದ ಆಟ ಅದು. ಆರುನೂರು ಕೋಟಿ ರೂಪಾಯಿಗೂ ಮಿಕ್ಕಿದ ಹೂಡಿಕೆಯ ಬಗ್ಗೆ ಬಂದ ಬರಹಗಳೆಲ್ಲ ಈ ಒಂದು ಆಟವನ್ನೇ ಕಂಬ ಮಾಡಿಕೊಂಡು ಸುತ್ತು ಹಾಕಿದವು. ಶೇರುಪೇಟೆಯ ವಿಶ್ಲೇಷಕರು ಅದೇ ಉಸಿರಿನಲ್ಲಿ ಬೆಂಗಳೂರು ಬಳಿಯ ಬಿಡದಿಯ ಪಾರ್ಕಿನ ಕಡೆ ತಿರುಗಿ, ಇಲ್ಲಿಗೆ ಹೊಸ ರೈಡ್ ಯಾವಾಗ, ಹೊಸತಿಲ್ಲದೆ ಜನ ಹೇಗೆ ಬಂದಾರು ಎಂದು ಕೇಳತೊಡಗಿದರು. ಹೊಸ ಆಟ ಬಂದರೆ ಜನ ಬರುತ್ತಾರೆ, ಜನ ಬಂದರೆ ಲಾಭ ಬರುತ್ತದೆ ಎಂಬ ಈ ತಿಳಿವಳಿಕೆ ಮನರಂಜನಾ ಪಾರ್ಕುಗಳ ವ್ಯವಹಾರದಲ್ಲಿ ಪ್ರಶ್ನೆಗೆ ಒಳಗಾಗದ ಸತ್ಯವಾಗಿ ಕೂತಿದೆ. ಅದಕ್ಕೆ ಸಿಕ್ಕಿರುವ ಮರ್ಯಾದೆ ಅತಿಯಾಯಿತು ಎಂಬುದು ನನ್ನ ವಾದ. ಎತ್ತರದ ಆಟಗಳಿಗೆ ಸಂದ ಕೀರ್ತಿಯ ಬಹುಪಾಲು ನ್ಯಾಯವಾಗಿ ಸಲ್ಲಬೇಕಾದದ್ದು ಯಾವ ಜಾಹೀರಾತಿನಲ್ಲೂ ಮುಖ್ಯ ಚಿತ್ರವಾಗದ ವೇವ್ ಪೂಲಿಗೆ, ನಮ್ಮ ಮಾತಿನಲ್ಲಿ ಅಲೆಕೊಳಕ್ಕೆ.

ವಂಡರ್‌ಲಾದ ಚರಿತ್ರೆಯನ್ನು ಮತ್ತೆ ಹೇಳುವ ಅಗತ್ಯವಿಲ್ಲ. 2000ದಲ್ಲಿ ಕೊಚ್ಚಿಯ ವೀಗಾಲ್ಯಾಂಡ್, 2005ರಲ್ಲಿ ಬಿಡದಿ, 2014ರಲ್ಲಿ ಶೇರುಪೇಟೆ, 2016ರಲ್ಲಿ ಹೈದರಾಬಾದ್, 2024ರಲ್ಲಿ ಭುವನೇಶ್ವರ. ತನ್ನ ಎಷ್ಟೋ ಆಟಗಳನ್ನು ತಾನೇ ತಯಾರಿಸಿಕೊಳ್ಳುವ, ಸಾಲಕ್ಕೆ ಹೆದರುವ ಕಂಪನಿ ಎಂಬುದು ಓದುಗರಿಗೆ ಗೊತ್ತಿರುವುದೇ. ಗಮನಿಸಬೇಕಾದದ್ದು ಲೆಕ್ಕದ ಪುಸ್ತಕದ ಎರಡು ಸಾಲುಗಳನ್ನು. 2022-23ರಿಂದ 2023-24ಕ್ಕೆ ಕಂಪನಿಯ ಆದಾಯ ಸುಮಾರು 429 ಕೋಟಿಯಿಂದ 483 ಕೋಟಿಗೆ ಏರಿತು. ಬಂದುಹೋದವರ ಸಂಖ್ಯೆ ಮಾತ್ರ 33 ಲಕ್ಷದ ಆಸುಪಾಸಿನಲ್ಲೇ ನಿಂತಿತು. ಅಂದರೆ ಬೆಳೆದದ್ದು ಬಂದವರ ಸಂಖ್ಯೆಯಲ್ಲ, ತಲೆಗೆ ಬಿದ್ದ ಖರ್ಚು. ಮರುವರ್ಷ ಭುವನೇಶ್ವರದ ಇಡೀ ಪಾರ್ಕೇ ಹೊಸದಾಗಿ ಸೇರಿಕೊಂಡಿತು. ಆದರೂ ಆದಾಯ 460 ಕೋಟಿಗಿಂತ ಕೆಳಗಿಳಿಯಿತು, ಲಾಭ ಸುಮಾರು 158 ಕೋಟಿಯಿಂದ 109 ಕೋಟಿಗೆ ಬಂತು. ಆ ವರ್ಷದ ಏಪ್ರಿಲ್–ಮೇ ತಿಂಗಳಲ್ಲಿ ಲೋಕಸಭಾ ಚುನಾವಣೆಯಿತ್ತು, ಸುಡುವ ಬಿಸಿಲಿತ್ತು; ಶಾಲೆಗಳ ಬೇಸಿಗೆ ರಜೆ ಬೀಳುವುದೂ ಆ ತಿಂಗಳುಗಳಲ್ಲೇ. ಹೊಸ ಪಾರ್ಕು ಕೊಟ್ಟದ್ದನ್ನು ಹಳೆಯ ಕ್ಯಾಲೆಂಡರ್ ಕಿತ್ತುಕೊಂಡಿತು. ಹೊಸತೇ ಜನರನ್ನು ಎಳೆದು ತರುವ ಶಕ್ತಿಯಾಗಿದ್ದರೆ ಆ ವರ್ಷದ ಅಂಕಿಗಳು ಬೇರೆಯಾಗಿರಬೇಕಿತ್ತು.

ಈಗ ಒಂದೇ ಒಂದು ಆಟವನ್ನು ಕೈಗೆತ್ತಿಕೊಂಡು ನೋಡೋಣ. ಬಿಡದಿಯ ‘ರಿಕಾಯಿಲ್’ ಬೂಮರಾಂಗ್ ಬಗೆಯ ಕೋಸ್ಟರ್. ಬಂಡಿಯನ್ನು ಒಂದು ಕಡೆಯ ಗೋಪುರಕ್ಕೆ ಹಿಮ್ಮುಖವಾಗಿ ಎಳೆದು ಬಿಡುತ್ತಾರೆ. ಅದು ಮೂರು ಸಲ ತಲೆಕೆಳಗಾಗಿ ಇನ್ನೊಂದು ಗೋಪುರ ಹತ್ತಿ, ಅದೇ ಹಳಿಯಲ್ಲಿ ಹಿಂದಕ್ಕೆ ಓಡಿ ಮತ್ತೆ ಮೂರು ಸಲ ತಲೆಕೆಳಗಾಗುತ್ತದೆ. ಈ ಬಗೆಯ ಕೋಸ್ಟರಿನಲ್ಲಿ ಒಂದೇ ಬಂಡಿ, 28 ಆಸನ. ಓಟ ಎರಡು ನಿಮಿಷಕ್ಕೂ ಕಡಿಮೆ. ಗಂಟೆಗೆ 760 ಜನ ಎಂದು ತಯಾರಕರ ಕಾಗದ ಹೇಳುತ್ತದೆ. ಆದರೆ ಜನ ಇಳಿಯಬೇಕು, ಚಪ್ಪಲಿ ಕನ್ನಡಕ ಬದಿಗಿಡಬೇಕು, ಹೊಸಬರು ಕೂರಬೇಕು, ಹೆಗಲ ಮೇಲಿನ ಕಂಬಿಯನ್ನು ಸಿಬ್ಬಂದಿ ಒಂದೊಂದಾಗಿ ಎಳೆದು ನೋಡಬೇಕು. ಇದಕ್ಕೆಲ್ಲ ಸೇರಿ ಒಂದು ಸುತ್ತಿಗೆ ನಾಲ್ಕು ನಿಮಿಷ ಹಿಡಿದರೆ ಗಂಟೆಗೆ ಹದಿನೈದು ಸುತ್ತು, 420 ಜನ. ಬೆಳಿಗ್ಗೆ ಹನ್ನೊಂದರಿಂದ ಸಂಜೆ ಆರರವರೆಗೆ ಏಳು ಗಂಟೆ ಒಂದು ಕ್ಷಣವೂ ನಿಲ್ಲದೆ ಓಡಿದರೂ 2,940 ಜನ. ರಜೆಯ ದಿನ ಹತ್ತು ಸಾವಿರ ಜನ ಬಂದರು ಎಂದುಕೊಳ್ಳಿ. ಹತ್ತರಲ್ಲಿ ಏಳು ಜನ ಪಾರ್ಕಿನ ಅತಿ ಪ್ರಸಿದ್ಧ ಆಟವನ್ನು ಕೆಳಗೆ ನಿಂತು ಕತ್ತೆತ್ತಿ ನೋಡಿ ಮನೆಗೆ ಹೋಗುತ್ತಾರೆ. ಎತ್ತರ ಸಾಲದ ಮಕ್ಕಳು, ಗರ್ಭಿಣಿಯರು, ಎದೆಯ ತೊಂದರೆಯವರು ಹತ್ತುವಂತೆಯೇ ಇಲ್ಲ. ಹತ್ತಿದವರಿಗಾದರೂ ದಕ್ಕಿದ್ದು ಎರಡು ನಿಮಿಷ: ಇಡೀ ದಿನದಲ್ಲಿ ಎಲ್ಲರಿಗೂ ಸೇರಿ 5,880 ಜನ-ನಿಮಿಷಗಳ ಖುಷಿ. ಅಲೆಕೊಳಕ್ಕೂ ಇದೇ ಅಳತೆ ಹಿಡಿಯಿರಿ. ನೀರಿನಲ್ಲಿ ಒಂದೇ ಹೊತ್ತಿಗೆ ಐದುನೂರು ಜನ ಮಾತ್ರ ಇದ್ದಾರೆ, ಕೊಳ ದಿನಕ್ಕೆ ಐದು ಗಂಟೆ ಮಾತ್ರ ತುಂಬಿರುತ್ತದೆ ಎಂದು ಕೈ ಬಿಗಿಹಿಡಿದೇ ಲೆಕ್ಕ ಹಾಕಿದರೂ 1,50,000 ಜನ-ನಿಮಿಷಗಳು. ಇಪ್ಪತ್ತೈದು ಪಟ್ಟು. ಅದೂ ಕ್ಯೂ ಇಲ್ಲದೆ, ಹೆಗಲಿಗೆ ಕಂಬಿಯಿಲ್ಲದೆ, ಅಜ್ಜಿ ಪಾದ ಮುಳುಗುವಷ್ಟು ನೀರಿನಲ್ಲಿ, ಮೊಮ್ಮಗ ಎದೆಮಟ್ಟದ ನೀರಿನಲ್ಲಿ, ಇಬ್ಬರೂ ಒಂದೇ ಅಲೆಗೆ ಕೂಗುತ್ತ.

ನಿಮಿಷಕ್ಕೆ ನಿಮಿಷ ತೂಗುವುದು ಸರಿಯೇ ಎಂದು ಕೇಳಬಹುದು. ತಲೆಕೆಳಗಾಗಿ ಹಾರುವ ಎರಡು ನಿಮಿಷವೂ ನೀರಿನಲ್ಲಿ ನಿಂತ ಎರಡು ನಿಮಿಷವೂ ಒಂದೇ ಅಲ್ಲ; ಊರಿಗೆ ಮರಳಿದ ಮೇಲೆ ಹುಡುಗರು ಹೇಳಿಕೊಳ್ಳುವುದು ಮೊದಲನೆಯದನ್ನೇ. ಒಪ್ಪಿದೆ. ಒಂದು ಪಾರ್ಕಿಗೆ ದೂರದಿಂದ ಗುರುತು ಸಿಗುವ ಒಂದು ಆಟ ಬೇಕು, ಚೆನ್ನೈಯಂಥ ಹೊಸ ಪಾರ್ಕಿಗಂತೂ ಬೇಕೇ ಬೇಕು. ಆದರೆ ಒಂದು ಬೇಕು ಎಂಬುದರಿಂದ ವರ್ಷವರ್ಷವೂ ಇನ್ನೊಂದು ಬೇಕು ಎಂಬ ತೀರ್ಮಾನ ಹುಟ್ಟುವುದಿಲ್ಲ. ಮತ್ತೆ ಬರುವ ಮನಸ್ಸು ಹುಟ್ಟುವುದು ಕಂಡದ್ದರಿಂದ ಮಾತ್ರವಲ್ಲ, ಅಲ್ಲಿ ಹೊತ್ತು ಹೇಗೆ ಹೋಯಿತು ಎಂಬುದರಿಂದ. ಒಂದು ಗಂಟೆ ಕ್ಯೂ ನಿಂತು ಎರಡು ನಿಮಿಷ ಓಡಿದ ದಿನ ಎರಡನೆಯ ಸಲಕ್ಕೆ ಕರೆಯುವುದಿಲ್ಲ.

ಇದರ ವಿರುದ್ಧ ಸಾಮಾನ್ಯವಾಗಿ ಮುಂದಿಡುವ ಸಾಕ್ಷ್ಯ ಮುಂಬೈಯ ಎಸ್ಸೆಲ್‌ವರ್ಲ್ಡ್. 1989ರಲ್ಲಿ ಶುರುವಾಗಿ 2022ರಲ್ಲಿ ಮುಚ್ಚಿದ ಆ ಪಾರ್ಕು ಹೊಸ ಆಟ ತರದೆ ಸತ್ತಿತು ಎನ್ನುತ್ತಾರೆ. ಆದರೆ ಹಳೆಯ ಆಟವೂ ಹಾಳುಬಿದ್ದ ಆಟವೂ ಬೇರೆಬೇರೆ. ಇದ್ದದ್ದನ್ನು ಬಣ್ಣ, ಬೋಲ್ಟು, ಎಣ್ಣೆ ಕಾಣದಂತೆ ಬಿಟ್ಟರೆ ಯಾವ ಪಾರ್ಕೂ ಉಳಿಯದು. ದೆಹಲಿಯ ಅಪ್ಪು ಘರ್‌ನ ಹೆಸರನ್ನೂ ಇದೇ ಪಟ್ಟಿಗೆ ಸೇರಿಸುತ್ತಾರೆ, ಅದು ತಪ್ಪು. 1984ರ ಆ ಪಾರ್ಕು 2008ರಲ್ಲಿ ಮುಚ್ಚಿದ್ದು ಅದರ ಜಾಗ ಬೇರೆ ಸರ್ಕಾರಿ ಬಳಕೆಗೆ ಹೋದದ್ದರಿಂದ. ಇನ್ನು ಖೋಪೋಲಿಯ ಇಮ್ಯಾಜಿಕಾ ನನ್ನ ವಾದಕ್ಕೇ ಸಾಕ್ಷಿ ನುಡಿಯುತ್ತದೆ. 2013ರಲ್ಲಿ ದೇಶ ಅದುವರೆಗೆ ಕಂಡಿರದ ದರ್ಜೆಯ ಆಟಗಳೊಂದಿಗೆ, ‘ನೈಟ್ರೋ’ದಂಥ ಕೋಸ್ಟರಿನೊಂದಿಗೆ ತೆರೆದ ಪಾರ್ಕು ಸಾವಿರ ಕೋಟಿ ದಾಟಿದ ಸಾಲದ ಕೆಳಗೆ ಕುಸಿಯಿತು. 2022ರಲ್ಲಿ ಮಾಲಪಾಣಿ ಸಮೂಹ ಕೈಗೆತ್ತಿಕೊಂಡು ಸಾಲ ಇಳಿದ ಮೇಲೆ ಅದೇ ನೈಟ್ರೋ, ಅದೇ ಗುಡ್ಡ, ಅದೇ ಹೆದ್ದಾರಿಯಲ್ಲಿ ವ್ಯವಹಾರ ಕುದುರಿಕೊಂಡಿತು. ಆಟಗಳು ಬದಲಾಗಲಿಲ್ಲ, ಅವು ಹೊತ್ತ ಭಾರ ಬದಲಾಯಿತು. ಅಮೆರಿಕದ ನ್ಯೂಜೆರ್ಸಿಯಲ್ಲಿ ‘ಕಿಂಗ್ಡಾ ಕಾ’ ಎಂಬ 456 ಅಡಿ ಎತ್ತರದ ಕೋಸ್ಟರ್ ತೆರೆದದ್ದೂ ಬಿಡದಿಯ ಪಾರ್ಕು ತೆರೆದದ್ದೂ ಒಂದೇ ವರ್ಷ, 2005ರಲ್ಲಿ. ಜಗತ್ತಿನಲ್ಲೇ ಎತ್ತರ ಎಂಬ ಬಿರುದು ಹೊತ್ತಿದ್ದ ಅದನ್ನು 2025ರ ಫೆಬ್ರುವರಿಯಲ್ಲಿ ಸ್ಫೋಟಕವಿಟ್ಟು ಉರುಳಿಸಿದರು. ಬಿಡದಿಯಲ್ಲಿ ಅಲೆ ಏಳುತ್ತಲೇ ಇದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಫ್ಲಾರಿಡಾದಿಂದ ಬರುತ್ತದೆ. 2010ರಲ್ಲಿ ಒರ್ಲಾಂಡೊದ ಯೂನಿವರ್ಸಲ್ ಪಾರ್ಕಿನಲ್ಲಿ ಹ್ಯಾರಿ ಪಾಟರ್ ಲೋಕ ತೆರೆದ ಮೇಲೆ ಜನ ಮೂರನೆಯ ಒಂದು ಪಾಲಿನಷ್ಟು ಹೆಚ್ಚಿದ್ದು ನಿಜ. ಆದರೆ ಅಲ್ಲಿ ಜನ ಎತ್ತರ ಹುಡುಕಿ ಹೋಗಲಿಲ್ಲ. ತಾವು ಓದಿದ ಬೀದಿಯಲ್ಲಿ ನಡೆಯಲು, ಆ ಅಂಗಡಿಯ ಪಾನಕ ಕುಡಿಯಲು ಹೋದರು. ಅದೂ ಎಲ್ಲರಿಗೂ ಏಕಕಾಲಕ್ಕೆ ಸಿಗುವ ಸುಖವೇ, ಅಲೆಕೊಳದ ಜಾತಿಯದೇ.

ಇಲ್ಲಿ ಇನ್ನೊಂದು ಬಗೆಯ ವಿಮರ್ಶಕರೊಡನೆ ಜಗಳ ತೆಗೆಯಬೇಕಾಗಿದೆ. ವಂಡರ್‌ಲಾದಂಥವು ಜಾತ್ರೆಗಳನ್ನು ಕೊಂದವು, ಜನರ ಹಬ್ಬಕ್ಕೆ ಟಿಕೆಟ್ ಹಾಕಿದವು ಎಂದು ಬರೆಯುವ ನಮ್ಮ ಸಂಸ್ಕೃತಿ ಚಿಂತಕರು ಇವರು. ಶೇರುಪೇಟೆಯವರಿಗೆ ಎದುರಾಳಿಗಳೆಂದು ಇವರು ತಮ್ಮನ್ನು ತಿಳಿದಿದ್ದಾರೆ. ನಂಬಿಕೆ ಮಾತ್ರ ಇಬ್ಬರದೂ ಒಂದೇ. ಹೊಸತರ ಮೋಹವೇ ಜನರನ್ನು ನಡೆಸುತ್ತದೆ ಎಂದು ಅವರು ಸಂತೋಷದಿಂದ ಹೇಳಿದರೆ ಇವರು ದುಃಖದಿಂದ ಹೇಳುತ್ತಾರೆ. ಹನೂರು ಸೀಮೆಗೆ ಬಂದು ನೋಡಿದರೆ ಇಬ್ಬರ ಮಾತೂ ನಿಲ್ಲುವುದಿಲ್ಲ. ಮಲೆ ಮಹದೇಶ್ವರ ಬೆಟ್ಟಕ್ಕೆ ಯುಗಾದಿಗೆ, ಶಿವರಾತ್ರಿಗೆ, ದೀಪಾವಳಿಗೆ ಜನ ಕಾಡುದಾರಿಯಲ್ಲಿ ನಡೆದು ಬರುತ್ತಾರೆ. 2023ರಲ್ಲಿ 108 ಅಡಿಯ ಪ್ರತಿಮೆ ಏಳುವುದಕ್ಕೆ ತಲೆಮಾರುಗಳ ಹಿಂದೆಯೂ ಬರುತ್ತಿದ್ದರು. ತೇರು ಪ್ರತಿ ವರ್ಷ ಎತ್ತರವಾಗುವುದಿಲ್ಲ. ಚಿಕ್ಕಲ್ಲೂರಿನ ಜಾತ್ರೆಗೆ ಹೊಸ ಆಕರ್ಷಣೆ ಎಂಬುದೇ ಇಲ್ಲ. ಜಾತ್ರೆಗೆ ಬರುವ ತೊಟ್ಟಿಲು, ಗಿರಗಟ್ಟಲೆಗಳು ಹೋದ ವರ್ಷದವೇ, ಬಣ್ಣ ಮಾತ್ರ ಹೊಸದು. ವರ್ಷಕ್ಕೊಮ್ಮೆ ಬರುವುದೇ ಅವನ್ನು ಹೊಸದಾಗಿಸುತ್ತದೆ. ಜಾತ್ರೆಗೆ ಹೋಗುವ ಮನೆಯವರೇ ಅನುಕೂಲವಾದ ವರ್ಷ ಮೈಸೂರಿನ ಜಿಆರ್‌ಎಸ್ ಪಾರ್ಕಿಗೋ ಬಿಡದಿಗೋ ಹೋಗುತ್ತಾರೆ. ಒಂದು ಇನ್ನೊಂದನ್ನು ಕೊಂದದ್ದಕ್ಕೆ ಸಾಕ್ಷಿಯೇನೂ ಇಲ್ಲ. ಎರಡೂ ಕಡೆ ಅವರು ಹುಡುಕುವುದು ನೆರೆದ ಜನರ ನಡುವೆ ತಾವೂ ನೆನೆಯುವ, ಕೂಗುವ ಹೊತ್ತನ್ನು.

ಮಾರ್ಟಳ್ಳಿಯನ್ನೇ ಅಳತೆಗೋಲಾಗಿ ಇಟ್ಟುಕೊಳ್ಳೋಣ. ಹನೂರು ಸೀಮೆಯ ಈ ಊರಿನಿಂದ ಹನೂರು, ಕೊಳ್ಳೇಗಾಲ, ಮಳವಳ್ಳಿ, ಮದ್ದೂರು ದಾಟಿ ಬಿಡದಿಗೆ ನೂರೈವತ್ತು ಕಿಲೋಮೀಟರಿನಷ್ಟು. ಶಾಲೆಯ ಬಸ್ಸು ಕತ್ತಲಲ್ಲೇ ಹೊರಟು ಗೇಟು ತೆರೆಯುವ ಹೊತ್ತಿಗೆ ತಲುಪಿ, ಸಂಜೆ ತಿರುಗಿ ನಡುರಾತ್ರಿಗೆ ಊರು ಸೇರಬೇಕು. ಮಳೆ ನಂಬಿದ ಬೇಸಾಯ, ದೂರದ ಊರಿನ ಕೂಲಿ ಇರುವ ಮನೆಗಳಿಗೆ ಸಾವಿರ ದಾಟಿದ ಟಿಕೆಟ್ಟು, ಗುಂಪಿನ ರಿಯಾಯಿತಿ ಕಳೆದರೂ, ಸಣ್ಣ ಮಾತಲ್ಲ. ಆ ಬಸ್ಸಿನ ಮಗುವಿಗೆ ಪಾರ್ಕಿನ ಎಲ್ಲ ಆಟವೂ ಹೊಸದೇ. 2005ರ ಆಟವೂ, ಮೊನ್ನೆ ಬಂದ ಆಟವೂ ಒಂದೇ ಬೆಳಗಿನವು. ಹಾಗಾದರೆ ವರ್ಷಕ್ಕೊಂದು ಹೊಸ ರೈಡ್ ಯಾರಿಗೆ? ಬೆಂಗಳೂರಿನಲ್ಲೇ ಇದ್ದು ವರ್ಷಕ್ಕೆರಡು ಸಲ ಬರಬಲ್ಲ, ಎಲ್ಲವನ್ನೂ ಕಂಡು ಮುಗಿಸಿದ ಸಣ್ಣ ಗುಂಪಿಗೆ. ಅವರಿಗಾಗಿ ಹೂಡಿದ ಹಣ ಟಿಕೆಟ್ಟಿನ ಮೇಲೆ ಬೀಳುತ್ತದೆ. ಏರಿದ ಟಿಕೆಟ್ಟು ಮೊದಲು ತಡೆಯುವುದು ಇನ್ನೂ ಒಮ್ಮೆಯೂ ಬಾರದವರನ್ನು. ಬರುವವರ ಸಂಖ್ಯೆ ನಿಂತಲ್ಲೇ ನಿಂತು ತಲಾ ಆದಾಯ ಏರುವ ಲೆಕ್ಕದ ಹಿಂದಿನ ಕಥೆ ಇದು ಎಂದು ನಾನು ಓದುತ್ತೇನೆ. ಬೆಳೆಯಲು ಜಾಗವಿರುವುದು ಹನೂರು, ಯಳಂದೂರು, ಪಾವಗಡ, ಹಿರಿಯೂರುಗಳ ಬಸ್ಸುಗಳಲ್ಲಿ. ಅವರಿಗೆ ಬೇಕಾದದ್ದು ಜನ ಬಾರದ ವಾರಗಳಲ್ಲಿ ಇಳಿದ ದರ, ಕ್ಯೂನ ಮೇಲೆ ನೆರಳು, ಹುಡುಗಿಯರಿಗೆ ಬಟ್ಟೆ ಬದಲಿಸಲು ಸಾಕಷ್ಟು ಕೋಣೆ, ಮತ್ತು ಇನ್ನೊಂದು ಅಲೆಕೊಳ.

ನೀರಿನ ಪ್ರಶ್ನೆಯನ್ನು ತಳ್ಳಿಹಾಕಲಾಗದು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸಬಾರದೆಂದು ಆದೇಶಿಸಿತು. ಬೋರ್‌ವೆಲ್ ಬತ್ತಿದ ಊರಿನವರ ಮುಂದೆ ಅಲೆಕೊಳದ ಗುಣಗಾನ ಮಾಡುವಾಗ ಮಾತು ತೊದಲಬೇಕು. ಆದರೆ ಕೊಳದ ನೀರು ದಿನವೂ ಚೆಲ್ಲುವ ನೀರಲ್ಲ. ಸೋಸಿ, ಶುದ್ಧಗೊಳಿಸಿ, ಮತ್ತೆ ಅದನ್ನೇ ಹರಿಸುತ್ತಾರೆ; ಆವಿಯಾದಷ್ಟು, ಮೈಗಂಟಿ ಹೋದಷ್ಟು ತುಂಬಬೇಕು. ಸೋಸುವ ಯಂತ್ರ, ಮಳೆನೀರಿನ ಹೊಂಡ, ಪಂಪಿಗೆ ಸೌರ ವಿದ್ಯುತ್ತು ಇವೇ ನಿಜವಾದ ಹೂಡಿಕೆ. ಫೋಟೋಗೆ ಒದಗದ ಕಾರಣ ಹೊಸ ರೈಡಿನ ಮುಂದೆ ಇವು ಸೋಲುತ್ತವೆ.

ಈ ವಾದ ಒಂದು ಕಂಪನಿಗೆ ನಿಲ್ಲುವುದಿಲ್ಲ. ಕೆಆರ್‌ಎಸ್‌ನ ಬೃಂದಾವನವನ್ನು ಡಿಸ್ನಿಲ್ಯಾಂಡ್ ಮಾದರಿಗೆ ಏರಿಸುವ ಮಾತು 2018ರಲ್ಲಿ 125 ಅಡಿಯ ಕಾವೇರಿ ಪ್ರತಿಮೆಯೊಂದಿಗೆ ಕೇಳಿಬಂತು. ಈಚೆಗೆ ಅದೇ ಕನಸು 2,663 ಕೋಟಿಯ ಯೋಜನೆಯಾಗಿ ಮರಳಿತು. ರೈತ ಸಂಘಟನೆಗಳು ಅಣೆಕಟ್ಟೆಯ ಸುರಕ್ಷತೆಗಾಗಿ ಎದುರು ನಿಂತವು. ಆ ಭಯ ನ್ಯಾಯವಾದದ್ದು. ಯೋಜನೆಯ ಪರವಾಗಿರುವವರು ಬೃಂದಾವನಕ್ಕೆ ಹೊಸತು ಬೇಕು, ಜನರಿಗೆ ಬೇಸರವಾಗಿದೆ ಎನ್ನುತ್ತಾರೆ. ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಕಾಲದಲ್ಲಿ ಮೈದಳೆದ ಆ ತೋಟ ಯಾವ ರೈಡೂ ಇಲ್ಲದೆ ಒಂಬತ್ತು ದಶಕ ಜನರನ್ನು ಕರೆದಿದೆ, ನೀರು ಮತ್ತು ದೀಪ ಎಂಬ ಎರಡೇ ವಸ್ತುಗಳಿಂದ. ಒಂದು ಶನಿವಾರ ಸಂಜೆ ಕಾರಂಜಿಯ ಸುತ್ತ ಎಷ್ಟು ಜನ ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ಎಣಿಸಲು ಒಬ್ಬ ಮನುಷ್ಯ, ಒಂದು ಗಡಿಯಾರ ಸಾಕು. 2,663 ಕೋಟಿಯ ನಕ್ಷೆ ಬಿಡಿಸುವ ಮೊದಲು ಆ ಎಣಿಕೆ ನಡೆಯಲಿ, ಅದರ ಅಂಕಿಯನ್ನು ಯೋಜನಾ ವರದಿಯ ಮೊದಲ ಪುಟದಲ್ಲೇ ಅಚ್ಚು ಹಾಕಲಿ.