ಸೂತ್ರಕ್ಕೆ ಮೊದಲು ಯೋಚನೆ

ಪ್ರೌಢಶಾಲೆಯ ಭೌತವಿಜ್ಞಾನದ ಪ್ರಶ್ನೆಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ಸೂತ್ರವನ್ನು ನೆನಪಿಸಿಕೊಂಡು, ದತ್ತಾಂಶಗಳನ್ನು ಅದರಲ್ಲಿ ಆದೇಶಿಸಿ, ಗುಣಿಸಿ ಭಾಗಿಸಿದೊಡನೆ ಮುಗಿದುಹೋಗುವ ಪ್ರಶ್ನೆಗಳು ಒಂದು ಬಗೆಯವು. ಯಾವ ಸೂತ್ರ ಇಲ್ಲಿ ಸಲ್ಲುತ್ತದೆ, ಏಕೆ ಸಲ್ಲುತ್ತದೆ ಎಂಬುದನ್ನು ವಿದ್ಯಾರ್ಥಿ ತಾನೇ ನಿಶ್ಚಯಿಸಬೇಕಾದ ಪ್ರಶ್ನೆಗಳು ಇನ್ನೊಂದು ಬಗೆಯವು. ಮೊದಲನೆಯವುಗಳಿಂದ ಕೈ ಪಳಗುತ್ತದೆ, ಆದ್ದರಿಂದ ಅವೂ ಬೇಕು. ಆದರೆ ಭೌತವಿಜ್ಞಾನದ ನಿಜವಾದ ರುಚಿ ಹತ್ತುವುದು ಎರಡನೆಯ ಬಗೆಯ ಪ್ರಶ್ನೆಗಳಿಂದ. ಅಂತಹ ಪ್ರಶ್ನೆ ಸಾಮಾನ್ಯವಾಗಿ ಒಂದೆರಡು ವಾಕ್ಯಗಳಲ್ಲಿ ಮುಗಿಯುತ್ತದೆ, ಒಂದೇ ತತ್ತ್ವವನ್ನು ಒಡಲಲ್ಲಿಟ್ಟುಕೊಂಡಿರುತ್ತದೆ, ಮತ್ತು ಅದರ ಒಂದು ಷರತ್ತನ್ನು ಬದಲಿಸಿದರೆ ಉತ್ತರವೇ ತಿರುವುಮುರುವಾಗುತ್ತದೆ.

ಸಾಂದ್ರತೆಯ ಪಾಠದಲ್ಲಿ ಬರುವ ಮಂಜುಗಡ್ಡೆಯ ಪ್ರಶ್ನೆ ಇದಕ್ಕೆ ಉತ್ತಮ ನಿದರ್ಶನ. ಲೋಟವೊಂದರಲ್ಲಿ ಅಂಚಿನವರೆಗೂ ನೀರಿದ್ದು, ಅದರಲ್ಲಿ ಮಂಜುಗಡ್ಡೆಯ ತುಂಡೊಂದು ತೇಲುತ್ತಿದೆ. ಅದು ಪೂರ್ತಿ ಕರಗಿದಾಗ ನೀರು ಹೊರಚೆಲ್ಲುತ್ತದೆಯೇ ಎಂಬುದು ಪ್ರಶ್ನೆ. ಸಾಂದ್ರತೆಯೆಂದರೆ ಏಕಮಾನ ಗಾತ್ರದಲ್ಲಿರುವ ದ್ರವ್ಯರಾಶಿ. ನೀರಿನ ಸಾಂದ್ರತೆ ಪ್ರತಿ ಘನ ಮೀಟರಿಗೆ 1000 ಕಿಲೋಗ್ರಾಂ, ಮಂಜುಗಡ್ಡೆಯದು ಸುಮಾರು 917. ಆದುದರಿಂದ ಗಡ್ಡೆಯ ಸ್ವಲ್ಪ ಭಾಗ ನೀರಿನ ಮೇಲಿರುತ್ತದೆ, ಆ ಭಾಗ ಕರಗಿದರೆ ಲೋಟ ತುಂಬಿ ಹರಿದೀತೆಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ಆರ್ಕಿಮಿಡೀಸನ ತತ್ತ್ವ ಬೇರೆಯದನ್ನೇ ಹೇಳುತ್ತದೆ. ತೇಲುವ ವಸ್ತು ತನ್ನ ತೂಕದಷ್ಟೇ ತೂಕದ ದ್ರವವನ್ನು ಪಕ್ಕಕ್ಕೆ ಸರಿಸುತ್ತದೆ. ಗಡ್ಡೆ ಕರಗಿ ಬಂದ ನೀರಿನ ತೂಕವೂ ಅಷ್ಟೇ ಇರುವುದರಿಂದ, ಅದು ಸರಿಸಿದ್ದ ಜಾಗದಲ್ಲಿ ಸರಿಯಾಗಿ ಹಿಡಿಸುತ್ತದೆ. ನೀರಿನ ಮಟ್ಟ ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ಈಗ ಷರತ್ತನ್ನು ಬದಲಿಸಬೇಕು. ಗಡ್ಡೆಯೊಳಗೆ ಸಣ್ಣ ಕಲ್ಲೊಂದು ಹುದುಗಿದ್ದು, ಕಲ್ಲುಸಹಿತವಾಗಿಯೇ ಅದು ತೇಲುತ್ತಿದ್ದರೆ, ಕರಗಿದ ಬಳಿಕ ಮಟ್ಟ ಇಳಿಯುತ್ತದೆ. ಏಕೆಂದರೆ ತೇಲುವಾಗ ಕಲ್ಲು ತನ್ನ ತೂಕದಷ್ಟು ನೀರನ್ನು ಸರಿಸುತ್ತಿತ್ತು, ತಳ ಸೇರಿದ ಮೇಲೆ ತನ್ನ ಗಾತ್ರದಷ್ಟನ್ನು ಮಾತ್ರ ಸರಿಸುತ್ತದೆ. ಲೋಟದಲ್ಲಿ ಸಿಹಿನೀರಿನ ಬದಲು ಸಮುದ್ರದ ನೀರಿದ್ದರೆ ಮಟ್ಟ ತುಸು ಏರುತ್ತದೆ. ಸಮುದ್ರದ ನೀರಿನ ಒಂದು ಘನ ಸೆಂಟಿಮೀಟರಿನ ದ್ರವ್ಯರಾಶಿ ಸುಮಾರು 1.025 ಗ್ರಾಂ, 1025 ಗ್ರಾಂ ಮಂಜುಗಡ್ಡೆ ಅಲ್ಲಿ 1000 ಘನ ಸೆಂಟಿಮೀಟರ್ ಜಾಗ ಹಿಡಿದಿರುತ್ತದೆ, ಆದರೆ ಕರಗಿದಾಗ 1025 ಘನ ಸೆಂಟಿಮೀಟರ್ ಸಿಹಿನೀರಾಗುತ್ತದೆ. ಒಂದೇ ಪ್ರಶ್ನೆ, ಒಂದೇ ತತ್ತ್ವ, ಆದರೆ ಮೂರು ಉತ್ತರ. ಈ ಮೂರನ್ನೂ ಕಾರಣಸಹಿತ ಹೇಳಬಲ್ಲ ವಿದ್ಯಾರ್ಥಿಗೆ ತೇಲುವಿಕೆಯ ಬಗ್ಗೆ ಬೇರೆ ಪರೀಕ್ಷೆ ಬೇಕಾಗಿಲ್ಲ.

ವಿದ್ಯುತ್ತಿನ ಪಾಠದ ಆಯ್ದ ಪ್ರಶ್ನೆ ಬಲ್ಬುಗಳದು. 220 ವೋಲ್ಟ್‌ಗೆ ತಯಾರಾದ 100 ವಾಟ್ ಮತ್ತು 60 ವಾಟ್‌ಗಳ ಎರಡು ತಂತುಬಲ್ಬುಗಳನ್ನು ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದರಂತೆ, ಜೋಡಿಸಿ 220 ವೋಲ್ಟ್ ಕೊಟ್ಟರೆ ಯಾವುದು ಹೆಚ್ಚು ಬೆಳಗುತ್ತದೆ? ವಾಟ್ ಎಂಬುದು ಸಾಮರ್ಥ್ಯದ, ಎಂದರೆ ಒಂದು ಸೆಕೆಂಡಿನಲ್ಲಿ ಬಳಕೆಯಾಗುವ ಶಕ್ತಿಯ ಮಾನ. ವಿಭವಾಂತರದ, ಎಂದರೆ ವೋಲ್ಟೇಜಿನ, ವರ್ಗವನ್ನು ಸಾಮರ್ಥ್ಯದಿಂದ ಭಾಗಿಸಿದರೆ ರೋಧ ಸಿಗುತ್ತದೆ. ಅದರಂತೆ ಮೊದಲನೆಯ ಬಲ್ಬಿನ ರೋಧ 484 ಓಮ್, ಎರಡನೆಯದರದು ಸುಮಾರು 807 ಓಮ್. ಸರಣಿ ಜೋಡಣೆಯಲ್ಲಿ ಎರಡರಲ್ಲೂ ಹರಿಯುವ ಪ್ರವಾಹ ಒಂದೇ ಆಗಿರುವುದರಿಂದ, ರೋಧ ಹೆಚ್ಚಿರುವ 60 ವಾಟ್ ಬಲ್ಬೇ ಹೆಚ್ಚು ಬೆಳಗುತ್ತದೆ. ಬಲ್ಬಿನ ಮೇಲೆ ಅಚ್ಚಾದ ಅಂಕಿ ಆ ಬಲ್ಬಿನ ಬದಲಾಗದ ಗುಣವೆಂದು ಭಾವಿಸಿದವರು ಇಲ್ಲಿ ಎಡವುತ್ತಾರೆ. ಅದು 220 ವೋಲ್ಟ್ ಪೂರ್ತಿ ಸಿಕ್ಕಾಗ ಮಾತ್ರ ನಿಜವಾಗುವ ಮಾತು. ಉಷ್ಣತೆ ಬದಲಾದರೂ ತಂತುವಿನ ರೋಧ ಬದಲಾಗುವುದಿಲ್ಲ ಎಂಬ ಊಹೆಯೊಂದು ಈ ಲೆಕ್ಕದಲ್ಲಿ ಅಡಗಿದೆ. ವಾಸ್ತವದಲ್ಲಿ ಟಂಗ್‌ಸ್ಟನ್ ತಂತು ಕಡಿಮೆ ಕಾದಾಗ ಅದರ ರೋಧವೂ ಕಡಿಮೆಯಾಗುತ್ತದೆ, ಆದ್ದರಿಂದ ಇಲ್ಲಿನ ಓಮ್‌ಗಳ ಅಂಕಿಗಳು ಅಂದಾಜಿನವು. ಇಂತಹ ಊಹೆಯನ್ನು ಬಾಯಿಬಿಟ್ಟು ಹೇಳುವುದು ಒಳ್ಳೆಯ ಪ್ರಶ್ನೆಯ ಪ್ರಾಮಾಣಿಕತೆ.

ಕರ್ನಾಟಕದ ವಿದ್ಯುತ್ ಚರಿತ್ರೆಯೇ ಒಂದು ಸೊಗಸಾದ ಪ್ರಶ್ನೆಯನ್ನು ಒದಗಿಸುತ್ತದೆ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೇಂದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 150 ಕಿಲೋಮೀಟರ್ ದೂರ ತಂತಿಗಳ ಮೂಲಕ ವಿದ್ಯುತ್ತನ್ನು ಸಾಗಿಸಲಾಯಿತು. ಅಷ್ಟು ದೂರ ಸಾಗಿಸುವಾಗ ವೋಲ್ಟೇಜನ್ನು ಬಹಳ ಏರಿಸುವುದೇಕೆ? ಸಾಮರ್ಥ್ಯವೆಂದರೆ ವಿಭವಾಂತರ ಮತ್ತು ಪ್ರವಾಹಗಳ ಗುಣಲಬ್ಧ. ವೋಲ್ಟೇಜು ಹತ್ತುಪಟ್ಟಾದರೆ ಅಷ್ಟೇ ಸಾಮರ್ಥ್ಯವನ್ನು ಸಾಗಿಸಲು ಹತ್ತನೇ ಒಂದು ಭಾಗ ಪ್ರವಾಹ ಸಾಕು. ತಂತಿ ಕಾಯುವುದರಿಂದ ಆಗುವ ನಷ್ಟವು ಪ್ರವಾಹದ ವರ್ಗವನ್ನು ಅವಲಂಬಿಸಿರುವುದರಿಂದ ಅದು ನೂರನೇ ಒಂದು ಭಾಗಕ್ಕೆ ಇಳಿಯುತ್ತದೆ.

ಶಕ್ತಿಯ ಪಾಠಕ್ಕೆ ಜೋಗಕ್ಕಿಂತ ಒಳ್ಳೆಯ ಸ್ಥಳ ಹುಡುಕಬೇಕಾಗಿಲ್ಲ. ಶರಾವತಿ ಅಲ್ಲಿ 253 ಮೀಟರ್ ಧುಮುಕುತ್ತಾಳೆ. ಆ ನೀರಿನ ಪ್ರಚ್ಛನ್ನ ಶಕ್ತಿ, ಎಂದರೆ ಎತ್ತರದಿಂದಾಗಿ ಅದರಲ್ಲಿರುವ ಶಕ್ತಿ, ಪೂರ್ತಿ ಉಷ್ಣವಾಗಿ ಆ ನೀರಿನಲ್ಲೇ ಉಳಿದರೆ ಬುಡದಲ್ಲಿ ನೀರು ಎಷ್ಟು ಬೆಚ್ಚಗಾಗುತ್ತದೆ? ನೀರಿನ ಪ್ರಮಾಣವನ್ನು ಕೊಟ್ಟಿಲ್ಲವೆಂದು ವಿದ್ಯಾರ್ಥಿ ಮೊದಲು ತಡವರಿಸಬಹುದು, ಆದರೆ ದ್ರವ್ಯರಾಶಿ ಸಮೀಕರಣದ ಎರಡೂ ಕಡೆ ಬಂದು ತಾನಾಗಿಯೇ ಹೊಡೆದುಹೋಗುತ್ತದೆ. ಗುರುತ್ವ ವೇಗೋತ್ಕರ್ಷ 9.8ನ್ನು 253ರಿಂದ ಗುಣಿಸಿ, ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಬೇಕಾಗುವ ಸುಮಾರು 4186 ಜೂಲ್‌ಗಳಿಂದ ಭಾಗಿಸಿದರೆ ಉತ್ತರ ಸುಮಾರು 0.6 ಡಿಗ್ರಿ ಸೆಲ್ಸಿಯಸ್. ಅಷ್ಟು ದೊಡ್ಡ ಭೋರ್ಗರೆತದ ಫಲ ಅರ್ಧ ಡಿಗ್ರಿಗಿಂತ ತುಸು ಹೆಚ್ಚು! ಉಷ್ಣವೂ ಶಕ್ತಿಯ ಒಂದು ರೂಪವೆಂಬುದನ್ನು ಅಳತೆಗಳಿಂದ ಸ್ಥಾಪಿಸಿದ ಜೇಮ್ಸ್ ಜೂಲ್ 1845ರಲ್ಲಿ ಇದೇ ರೀತಿ ಯೋಚಿಸಿ, 160 ಅಡಿ ಬೀಳುವ ನಯಾಗರದ ನೀರು ಫ್ಯಾರನ್‌ಹೀಟ್ ಮಾನದಲ್ಲಿ ಒಂದು ಡಿಗ್ರಿಯ ಐದನೇ ಒಂದು ಭಾಗದಷ್ಟು ಬಿಸಿಯಾಗಬೇಕೆಂದು ಲೆಕ್ಕ ಹಾಕಿದ್ದ. ಶಾಲೆಯ ಪ್ರಶ್ನೆಯೂ ಸಂಶೋಧಕನ ಪ್ರಶ್ನೆಯೂ ಇಲ್ಲಿ ಒಂದೇ ಆಗಿವೆ.

ಪರಮಾಣುವಿನ ಪಾಠ ಹೆಚ್ಚಾಗಿ ಕಂಠಪಾಠಕ್ಕೇ ಸೀಮಿತವಾಗುವುದು ವಿಷಾದದ ಸಂಗತಿ. ಅದನ್ನು ಸಾಂದ್ರತೆಯೊಡನೆ ಬೆಸೆದರೆ ಅದಕ್ಕೆ ಜೀವ ಬರುತ್ತದೆ. ಗೈಗರ್ ಮತ್ತು ಮಾರ್ಸ್‌ಡನ್ ತೆಳುವಾದ ಚಿನ್ನದ ಹಾಳೆಯ ಮೇಲೆ ಆಲ್ಫಾ ಕಣಗಳನ್ನು ಹಾಯಿಸಿ ಪಡೆದ ಫಲಿತಾಂಶಗಳಿಂದ ರುದರ್‌ಫೋರ್ಡ್ 1911ರಲ್ಲಿ ಪರಮಾಣುವಿನ ದ್ರವ್ಯರಾಶಿ ಬಹುತೇಕ ಪೂರ್ತಿ ಅದರ ನಡುವಿನ ಪುಟ್ಟ ಬೀಜಕೇಂದ್ರದಲ್ಲಿದೆ ಎಂದು ತೀರ್ಮಾನಿಸಿದ. ಚಿನ್ನದ ಪರಮಾಣುವಿನ ವ್ಯಾಸ ಅದರ ಬೀಜಕೇಂದ್ರದ ವ್ಯಾಸದ ಸುಮಾರು 20,000 ಪಟ್ಟು. ಚಿನ್ನದ ಸಾಂದ್ರತೆ ಪ್ರತಿ ಘನ ಮೀಟರಿಗೆ 19,300 ಕಿಲೋಗ್ರಾಂ. ಹಾಗಾದರೆ ಬೀಜಕೇಂದ್ರದ ಸಾಂದ್ರತೆ ಎಷ್ಟು? ಗಾತ್ರವು ವ್ಯಾಸದ ಘನವನ್ನು ಅನುಸರಿಸುವುದರಿಂದ 19,300ನ್ನು ಎಂಟು ಲಕ್ಷ ಕೋಟಿಯಿಂದ ಗುಣಿಸಬೇಕು. ಒಂದರ ಮುಂದೆ ಹದಿನೇಳು ಸೊನ್ನೆ ಹಾಕಿದರೆ ಬರುವ ಸಂಖ್ಯೆಯ ಆಸುಪಾಸಿನ ಉತ್ತರ ದೊರೆಯುತ್ತದೆ. ಬೀಜಕೇಂದ್ರಗಳ ಸಾಂದ್ರತೆಗೆ ವಿಜ್ಞಾನಿಗಳು ಕೊಡುವ ಬೆಲೆಯೂ ಇದೇ ದರ್ಜೆಯದು.

ಈ ಯಾವ ಪ್ರಶ್ನೆಗೂ ಪ್ರಯೋಗಾಲಯವಾಗಲಿ ಹೊಸ ಪಠ್ಯವಾಗಲಿ ಬೇಕಿಲ್ಲ. ಅಧ್ಯಾಪಕರು ಪ್ರತಿ ಪಾಠದಲ್ಲೂ ಇಂತಹ ಒಂದು ಪ್ರಶ್ನೆಯನ್ನಾದರೂ ಕೊಟ್ಟು, ಲೆಕ್ಕಕ್ಕೆ ತೊಡಗುವ ಮೊದಲು ಉತ್ತರದ ಅಂದಾಜನ್ನೂ ಅದರ ಕಾರಣವನ್ನೂ ಒಂದು ಸಾಲಿನಲ್ಲಿ ಬರೆಯಿಸಬೇಕು, ಆ ಸಾಲಿಗೂ ಅಂಕ ಕೊಡಬೇಕು. ಸೂತ್ರ ಮರೆತರೆ ಪುಸ್ತಕದಲ್ಲಿ ಸಿಗುತ್ತದೆ. ಯೋಚಿಸುವ ರೂಢಿಯನ್ನು ತರಗತಿಯಲ್ಲಿಯೇ ಬೆಳೆಸಬೇಕು.