ಸಾಕವ್ವನ ಹುಂಜ ಯಾರ ಆಸ್ತಿ?

ದೇವನೂರ ಮಹಾದೇವರ 'ಒಡಲಾಳ'ವನ್ನು ನಮ್ಮ ವಿಮರ್ಶೆ ಹಸಿವಿನ ಕಥೆ ಎಂದು ಓದಿದೆ. ಹಸಿವಿನ ನಡುವೆಯೂ ಬತ್ತದ ಜೀವಂತಿಕೆಯ ಕಥೆ ಎಂದು ಹೊಗಳಿದೆ. ಎರಡೂ ಸುಳ್ಳಲ್ಲ. ಆದರೆ ಒಂದು ಪ್ರಶ್ನೆ ಹಾಗೇ ಉಳಿದಿದೆ: ಕಳೆದುಹೋದ ಒಂದು ಹುಂಜಕ್ಕಾಗಿ ಸಾಕವ್ವ ಯಾಕೆ ಅಷ್ಟೊಂದು ಹುಡುಕಾಡುತ್ತಾಳೆ?

ಇದನ್ನು ಮುದುಕಿಯ ಹಟ ಅಂದುಕೊಂಡರೆ ಕೇರಿಯ ಬದುಕು ಗೊತ್ತಿಲ್ಲ ಅಂತಲೇ ಅರ್ಥ. ಬಡ ಬೇಸಾಯದ ಮನೆಯಲ್ಲಿ ತುಂಡು ಹೊಲವಿದ್ದರೆ ಪಹಣಿಯಲ್ಲಿ ಸಾಮಾನ್ಯವಾಗಿ ಗಂಡಸಿನ ಹೆಸರು. ಎತ್ತು ಮಾರುವವನು ಅವನು, ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತುವವನೂ ಅವನೇ. ಹೆಂಗಸಿನ ಪಾಲಿಗೆ ಕೋಳಿ, ಮೇಕೆಮರಿ, ಸೆರಗಿನ ಗಂಟಿನ ಕಾಸು. ಉಪ್ಪು, ಮೆಣಸಿನಕಾಯಿ, ಮಗುವಿನ ಔಷಧಿ, ಹರಕೆ ಎಲ್ಲಾ ಅದರಲ್ಲೇ ನಡೆಯಬೇಕು. ಹುಂಜ ಹೋಯಿತು ಅಂದರೆ ಅವಳ ಇಡುಗಂಟೇ ಹೋಯಿತು.

ಇನ್ನು ಭೂಮಿ. ಕರ್ನಾಟಕದಲ್ಲಿ 1974ರ ಭೂಸುಧಾರಣೆ 'ಉಳುವವನೇ ಹೊಲದೊಡೆಯ' ಎಂಬ ಘೋಷಣೆಯ ಜೊತೆ ಬಂತು. ಆ ಮಾತಿನ ವ್ಯಾಕರಣವನ್ನೇ ನೋಡಿ. ನಾಟಿ ಹಾಕುವವಳು, ಕಳೆ ಕೀಳುವವಳು, ಕೊಯ್ಯುವವಳು ಅದರೊಳಗೆ ಇಲ್ಲ. ಕಾಯಿದೆ ಹೊಲ ಕೊಟ್ಟಿದ್ದು ಗೇಣಿದಾರನಿಗೆ. ದಲಿತರಲ್ಲಿ ಬಹುಪಾಲು ಜನ ಕೂಲಿಯವರು. ದಲಿತ ಹೆಂಗಸು ಜಾತಿಯಿಂದ ಒಮ್ಮೆ, ಹೆಣ್ಣೆಂದು ಇನ್ನೊಮ್ಮೆ ಹೊರಗುಳಿದಳು. ಮಗಳಿಗೂ ಪಿತ್ರಾರ್ಜಿತದಲ್ಲಿ ಪಾಲುಂಟು ಎಂದು ಕರ್ನಾಟಕ 1994ರಲ್ಲಿ, ದೇಶ 2005ರಲ್ಲಿ ಕಾಯಿದೆ ತಿದ್ದಿದವು. ಸರಿ. ಅಪ್ಪನಿಗೇ ಹೊಲವಿಲ್ಲದಿದ್ದರೆ ಯಾವುದರ ಪಾಲು?

ಕೂಲಿಯ ಕತೆಯೂ ಇದೇ. ಸಮಾನ ಕೆಲಸಕ್ಕೆ ಸಮಾನ ವೇತನ ಎಂಬ ಕಾಯಿದೆ 1976ರಲ್ಲೇ ಬಂತು. ಹೊಲದಲ್ಲಿ ಮಾತ್ರ ಗಂಡಾಳಿಗೊಂದು ದರ, ಹೆಣ್ಣಾಳಿಗೊಂದು ದರ. ತಪ್ಪಿಸಿಕೊಳ್ಳೋದು ಸುಲಭ: ಉಳುಮೆ ಗಂಡಸಿನದು, ಕಳೆ ಹೆಂಗಸಿನದು, ಎರಡೂ ಬೇರೆ ಕೆಲಸ ಅಂದರಾಯಿತು. ದಿನವಿಡೀ ಸೊಂಟ ಬಗ್ಗಿಸೋದು 'ಹಗುರ ಕೆಲಸ'ವಾಗಿಬಿಡುತ್ತೆ.

ದಲಿತ ಚಳವಳಿ ಭೂಮಿ ಕೇಳಿತು, ನ್ಯಾಯವಾಗಿಯೇ ಕೇಳಿತು. ಸಿಕ್ಕ ಭೂಮಿ ಯಾರ ಹೆಸರಿಗೆ ಅನ್ನೋದೂ ಅಷ್ಟೇ ದೊಡ್ಡ ಪ್ರಶ್ನೆ. 'ಹಸಿವು' ಎಂಬ ಪದವನ್ನು ಇಡೀ ಮನೆಗೆ ಸಮವಾಗಿ ಹಂಚುವ ವಿಮರ್ಶೆ ಅರ್ಧ ವಿಮರ್ಶೆ. ಹಸಿವು ಹಾಗೆ ಹಂಚಿಕೆಯಾಗೋದಿಲ್ಲ. ಕೊನೆಗೆ ಉಣ್ಣುವವಳು ಒಬ್ಬಳಿರುತ್ತಾಳೆ. ಮೇಲ್ಜಾತಿ ವಿಮರ್ಶೆ ಕೇರಿಗೆ ಕಾಲಿಡಲಿಲ್ಲ ಎಂದು ಜಗಳವಾಡಿದವರು ಗುಡಿಸಲ ಹೊಸ್ತಿಲಲ್ಲೇ ನಿಲ್ಲುವಂತಿಲ್ಲ. ದಲಿತ ಕೃತಿಯೊಂದನ್ನು ಕೈಗೆತ್ತಿಕೊಂಡಾಗ ಇಷ್ಟು ಕೇಳೋಣ: ದುಡಿದವರು ಯಾರು, ಕೂಲಿ ಎಣಿಸಿಕೊಂಡವರು ಯಾರು, ಕಾಗದದಲ್ಲಿ ಹೆಸರು ಯಾರದು?